ನೀರಿನ ಮೇಲಿರುವವನಿಗೆ ಹೇಳಬಾರದು

ಹಡಗಿನಿಂದ
18 ಆಗಸ್ಟ್ 2024

ಪ್ರೀತಿಯ ಸ್ವರ್ಣ,

ಕಾಗದ ನೋಡಿ ಗಾಬರಿಯಾಗಬೇಡ. ನಾನು ಕಲ್ಲುಗುಂಡಿನ ಹಾಗೆ ಇದ್ದೇನೆ. ಫೋನ್ ಬಿಟ್ಟು ಕಾಗದ ಬರೆಯುವ ಗತಿ ಯಾಕೆ ಬಂತೆಂದರೆ, ನಮ್ಮ ಹಡಗಿನ ಕಂಪೆನಿಯವರು ಪರಾರಿ. ಯಾವುದೋ ವ್ಯಾಜ್ಯದಲ್ಲಿ ಇಲ್ಲಿಯ ಕೋರ್ಟು ಹಡಗನ್ನೇ ಹಿಡಿದು ನಿಲ್ಲಿಸಿದೆ. ಬಂದರಿನಿಂದ ತುಂಬ ದೂರ, ನಡುಕಡಲಲ್ಲಿ ಲಂಗರು ಹಾಕಿ ಕೂತಿದ್ದೇವೆ. ಡೀಸೆಲ್ ಮುಗಿದಿದೆ, ಕರೆಂಟ್ ಇಲ್ಲ, ರೇಡಿಯೊ ಸತ್ತಿದೆ, ಮೊಬೈಲಿಗೆ ಸಿಗ್ನಲ್ ಅನ್ನುವುದೇ ಇಲ್ಲ. ಹೆಚ್ಚಿನವರೆಲ್ಲ ಮೊದಲೇ ಇಳಿದು ಹೋದರು. ಹಡಗನ್ನು ಖಾಲಿ ಬಿಡುವ ಹಾಗಿಲ್ಲ, ಈಗ ಉಳಿದದ್ದು ಕ್ಯಾಪ್ಟನ್, ಇಂಜಿನಿಯರ್, ಅಡುಗೆಯ ಸಂಕಪ್ಪಣ್ಣ ಮತ್ತು ನಾನು. ಸಂಕಪ್ಪಣ್ಣ ನಮ್ಮ ಪಡೀಲಿನವರೇ, ಅರವತ್ತು ದಾಟಿದೆ.

ಬಜಪೆಯ ಸೆಡ್ರಿಕ್ ಅಂತ ಒಬ್ಬರು ಇಲ್ಲಿಯ ನಾವಿಕರ ಸಂಘದಲ್ಲಿ ಕೆಲಸಕ್ಕಿದ್ದಾರೆ. ಕುಡಿಯುವ ನೀರಿನ ದೋಣಿ ಬಂದಾಗ ಅವರೂ ಬರ್ತಾರೆ. ನನ್ನ ಕಾಗದದ ಫೋಟೋ ಹೊಡೆದು ದಡಕ್ಕೆ ಹೋಗಿ ನಿನಗೆ ಕಳಿಸ್ತಾರೆ. ನೀನು ಬರೆದದ್ದನ್ನೂ ಹಾಗೆಯೇ ಫೋಟೋ ಮಾಡಿ ಅವರಿಗೆ ಕಳಿಸು, ಪ್ರಿಂಟ್ ತೆಗೆದು ತಂದು ಕೊಡ್ತಾರೆ. ದೋಣಿ ಯಾವಾಗ ಬರ್ತದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ಹೊತ್ತು ಹೋಗುವುದಿಲ್ಲ ಮಾರಾಯ್ತಿ. ಇಳಿದು ಹೋದ ಆಫೀಸರ್ ಒಬ್ಬರು ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ ಬಿಟ್ಟು ಹೋಗಿದ್ದರು. ನಾನೂ ಸಂಕಪ್ಪಣ್ಣನೂ ಅದನ್ನು ಓದುವುದಕ್ಕೆ ಶುರು ಮಾಡಿದ್ದೇವೆ. ಗೊತ್ತುಂಟಾ, 'ಗೋ' ಅನ್ನುವ ಎರಡಕ್ಷರದ ಶಬ್ದಕ್ಕೆ ಎರಡು ಪುಟ ಅರ್ಥ! ನಾನು ಏಳನೇ ಕ್ಲಾಸಿನಲ್ಲಿ 'ಹೋಗು' ಅಂತ ಒಂದೇ ಬರೆದು ಪೂರ್ತಿ ಮಾರ್ಕ್ ತೆಗೆದಿದ್ದೆ. ಈ ಹಡಗು ಒಂದಿಂಚು ಮುಂದೆ ಹೋಗುವುದಿಲ್ಲ, ಶಬ್ದ ಮಾತ್ರ ಹೋಗ್ತಾ ಉಂಟು, ಹೋಗ್ತಾ ಉಂಟು. ಮೋಕ್ಷಾಳಿಗೆ ಹೇಳು, ಪಪ್ಪ ಬರುವಾಗ ಅವಳ ಇಂಗ್ಲಿಷ್ ಟೀಚರಿಗೇ ಪಾಠ ಮಾಡ್ತಾನೆ ಅಂತ.

ಅಮ್ಮ ಹೇಗಿದ್ದಾರೆ? ಕಾಲುನೋವು ಉಂಟಾ? ಈಗಲೂ ಮೀನಿನ ಬುಟ್ಟಿ ತೆಗೆದುಕೊಂಡು ಸುರತ್ಕಲ್ ಮಾರ್ಕೆಟಿಗೆ ಹೋಗ್ತಾರಾ? ಸಾಕು ಅಂತ ಹೇಳು. ಹೇಳಿದರೆ ಕೇಳುವ ಜನ ಅಲ್ಲ, ಆದರೂ ಹೇಳು.

ಹೋಗಿ ಬರ್ತೇನೆ,
ಯೋಗೀಶ್


ಹೊಸಬೆಟ್ಟು, ಮಂಗಳೂರು
3 ಸೆಪ್ಟೆಂಬರ್ 2024

ಮೋಕ್ಷಾಳ ಪಪ್ಪನಿಗೆ,

ಫೋನ್ ಬಾರದೆ ಎಷ್ಟು ದಿನ ನಾವು ಇಲ್ಲಿ ಸತ್ತು ಹುಟ್ಟಿದೆವು ಅಂತ ನಿಮಗೇನು ಗೊತ್ತು. ನೀವು ಅಲ್ಲಿ ಡಿಕ್ಷನರಿ ಓದ್ತಾ ಇದ್ದೀರಿ! ನಿಮ್ಮ ಕಾಗದವನ್ನು ಮೋಕ್ಷಾ ಓದಿದಳು, ನಾನು ಓದಿದೆ, ನೆರೆಮನೆಯ ಆನಿ ಬಾಯಿಗೂ ಓದಿ ಹೇಳಿದೆ. ಊಟಕ್ಕೆ ಎಂತ ಮಾಡ್ತೀರಿ ಅಂತ ಒಂದು ಸಾಲು ಇಲ್ಲ. ಮುಂದಿನ ಸಲ ಅದನ್ನು ಮೊದಲು ಬರೆಯಿರಿ.

ನಿಮ್ಮ ಅಮ್ಮನ ವಿಷಯ ಕೇಳಿದಿರಿ. ಮಾಮಿ ಚೆನ್ನಾಗಿದ್ದಾರೆ. ಬುಟ್ಟಿ ಬಿಡಿ ಅಂದರೆ ನನ್ನನ್ನೇ ಬುಟ್ಟಿಯಲ್ಲಿ ಹಾಕಿ ಮಾರಿಯಾರು. ಮೊನ್ನೆ ಮಾರ್ಕೆಟಿನಲ್ಲಿ ಖತೀಜಮ್ಮ ಬಂದು ಬಂಗುಡೆಯ ಕಿವಿ ಬಿಡಿಸಿ ನೋಡಿ, "ಇದು ನಿನ್ನೆಯದ್ದಲ್ವಾ?" ಅಂದರಂತೆ. "ನಿನ್ನೆಯದ್ದು ನಾನು, ಮೀನು ಇವತ್ತಿನದ್ದು" ಅಂದರಂತೆ ಮಾಮಿ. ಸುತ್ತಲಿದ್ದವರಿಗೆಲ್ಲ ನಕ್ಕು ಸಾಕಾಯಿತಂತೆ.

ನೀವು ಕೊನೆಗೆ 'ಹೋಗಿ ಬರ್ತೇನೆ' ಅಂತ ಬರೆದದ್ದು ಕೇಳಿ ಅವರಿಗೆ ಖುಷಿಯಾಯಿತು. "ಕಲಿಸಿದ್ದು ಮರೆತಿಲ್ಲ ನನ್ನ ಮಗ" ಅಂದರು.

ಜಾಗ್ರತೆ,
ಸ್ವರ್ಣಲತಾ


(ಸೆಡ್ರಿಕ್‌ಗೆ, ಅದೇ ದಿನ, ಕಾಗದದ ಫೋಟೋ ಜೊತೆ)

ಸೆಡ್ರಿಕ್ ಅಣ್ಣಾ, ಇದು ನಿಮಗೆ ಮಾತ್ರ, ಪ್ರಿಂಟ್ ತೆಗೆಯಬೇಡಿ. ನಾನು ಇವರಿಗೆ ಬರೆದದ್ದು ಸುಳ್ಳು. ಮಾಮಿಗೆ ಹೊಟ್ಟೆಯಲ್ಲಿ ಗಡ್ಡೆ. ಹರಡಿದೆ, ಆಪರೇಷನ್ ಮಾಡಿ ಪ್ರಯೋಜನ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಬುಟ್ಟಿ ಈಗ ಹೊರುವುದು ನಾನು. ಖತೀಜಮ್ಮನ ಜೊತೆ ಜಗಳ ಮಾಡಿದ್ದೂ ನಾನೇ.

ಹೇಳೋಣ ಅಂತ ಹೊರಟರೆ ಮಾಮಿ ಮೋಕ್ಷಾಳ ತಲೆ ಮುಟ್ಟಿಸಿ ಆಣೆ ಹಾಕಿಸಿದರು. ಈ ಮನೆಯ ಕ್ರಮ ಅದು: ನೀರಿನ ಮೇಲಿರುವವನಿಗೆ ಸಾವು, ಕಾಯಿಲೆ ಹೇಳಬಾರದು, ಅವನ ಕಾಲು ಮರಳಿಗೆ ತಾಗಿದ ಮೇಲೆಯೇ ಹೇಳಬೇಕು. ಇವರ ಅಪ್ಪ ಯಾದವಣ್ಣ ಕಡಲಿಗೆ ಹೋಗಿದ್ದಾಗ ಇವರಿಗಿಂತ ದೊಡ್ಡ ಮಗು ಒಂದು ಜ್ವರದಲ್ಲಿ ತೀರಿಕೊಂಡಿತ್ತು. ದೋಣಿ ಹೊಳೆ ಕಡಲು ಸೇರುವ ಅಳಿವೆ ಬಾಗಿಲಿಗೆ ಬರುವಾಗ ಮಾಮಿ ದಡದಲ್ಲಿ ನಗುತ್ತಾ ನಿಂತು ಹಗ್ಗ ಹಿಡಿದರಂತೆ. ಅಲ್ಲಿ ಸುದ್ದಿ ತಿಳಿದು ಗಂಡನ ಕೈ ನಡುಗಿದರೆ ದೋಣಿ ಮಗುಚ್ತದೆ, ಅದರಲ್ಲಿ ಇನ್ನೂ ಐದು ಜನ ಇದ್ದರು ಅಂತಾರೆ. ಗಂಡ ಇಳಿದು ಎರಡೂ ಕಾಲು ಮರಳಲ್ಲಿ ಊರಿದ ಮೇಲೆ ಹೇಳಿದರಂತೆ. ಅಂಥವರ ಎದುರು ನಾನು ಎಂತ ವಾದ ಮಾಡುವುದು? ದಯವಿಟ್ಟು ನೀವೂ ಹೇಳಬೇಡಿ.


ಹಡಗಿನಿಂದ
20 ಅಕ್ಟೋಬರ್ 2024

ಪ್ರೀತಿಯ ಸ್ವರ್ಣ,

"ನಿನ್ನೆಯದ್ದು ನಾನು, ಮೀನು ಇವತ್ತಿನದ್ದು." ಇದನ್ನು ಎಷ್ಟು ಸಲ ಓದಿದೆನೋ! ಸಂಕಪ್ಪಣ್ಣನಿಗೆ ಹೇಳಿದೆ, ಕ್ಯಾಪ್ಟನಿಗೆ ಹಿಂದಿಯಲ್ಲಿ ಹೇಳಿದೆ. ಅಮ್ಮನ ಬಾಯಿಗೆ ಇನ್ನೂ ಮುಪ್ಪು ಬಂದಿಲ್ಲ. ಅದು ಓದಿದ ದಿನ ನನಗೆ ಒಳ್ಳೆಯ ನಿದ್ರೆ ಬಂತು.

ಊಟದ ವಿಷಯ: ಅಕ್ಕಿ ಉಂಟು, ಬೇಳೆ ಉಂಟು. ಗಾಳ ಹಾಕಿದರೆ ಮೀನು. ಗ್ಯಾಸ್ ಮುಗಿದದ್ದರಿಂದ ಹಳೆಯ ಹಲಗೆ ಒಡೆದು ಬೆಂಕಿ ಮಾಡ್ತೇವೆ. ನೀರು ಕಡಿಮೆ. ಡಿಕ್ಷನರಿಯಲ್ಲಿ 'ಗೋ ವಿದೌಟ್' ಅಂತ ಉಂಟು, ಅಂದರೆ ಇಲ್ಲದೆ ಸುಧಾರಿಸುವುದು. ಅದನ್ನು ನಾವು ಓದುವ ಮೊದಲೇ ಕಲಿತಿದ್ದೆವು.

ದಿನಕ್ಕೊಂದು ಅರ್ಥ ತೆಗೆದುಕೊಂಡು ಇಬ್ಬರೂ ವಾಕ್ಯ ಮಾಡುವುದು ಅಂತ ಒಪ್ಪಂದ. 'ಗೋ ಬ್ಯಾಡ್' ಅಂದರೆ ಹಾಳಾಗುವುದು. ಹಾಲು ಗೋ ಬ್ಯಾಡ್, ಮೀನು ಗೋ ಬ್ಯಾಡ್. "ಕಂಪೆನಿ?" ಅಂತ ಕೇಳಿದರು ಸಂಕಪ್ಪಣ್ಣ. ತಮಾಷೆ ಎಂತ ಗೊತ್ತುಂಟಾ, ಇಲ್ಲಿ ಹಡಗಿನಲ್ಲಿ ಕ್ಯಾಪ್ಟನ್ 'ಲೆಟ್ ಗೋ' ಅಂತ ಕೂಗಿದರೆ ಲಂಗರು ಬಿಡಬೇಕು. ಬಿಟ್ಟ ಕೂಡಲೇ ಹಡಗು ಅಲ್ಲೇ ನಿಲ್ತದೆ. ನಮ್ಮನ್ನು ಇಲ್ಲಿ ನಿಲ್ಲಿಸಿದ್ದು ಆ ಶಬ್ದವೇ, ಕೂಗು ಕೇಳಿ ಲಂಗರು ಬಿಟ್ಟವನು ನಾನೇ.

ಸಂಕಪ್ಪಣ್ಣನ ವಿಷಯದಲ್ಲಿ ನನಗೆ ಸ್ವಲ್ಪ ಹೆದರಿಕೆ ಉಂಟು. 'ಗೋ ಕ್ವಾಯಟ್' ಅಂದರೆ ಮಾತು ನಿಂತುಹೋಗುವುದು. ಅವರು ಹಾಗೆ ಆಗ್ತಾ ಇದ್ದಾರೆ. ಅಡುಗೆ ಮುಗಿಸಿ ಹೋಗಿ ಹಡಗಿನ ಅಂಚಿನ ಕಟಾಂಜನ ಹಿಡಿದು ನೀರು ನೋಡ್ತಾ ನಿಂತರೆ ಕರೆದರೂ ಕೇಳುವುದಿಲ್ಲ. ಅದಕ್ಕೇ ಡಿಕ್ಷನರಿ ತೆಗೆದುಕೊಂಡು ಪಕ್ಕದಲ್ಲಿ ಹೋಗಿ ಕೂತುಕೊಳ್ತೇನೆ. ವಾಕ್ಯ ಮಾಡಲಿಕ್ಕಾದರೂ ಬಾಯಿ ಬಿಡ್ತಾರಲ್ಲ.

ಒಂದು ಕೆಲಸ ಮಾಡು. ಅಮ್ಮನ ದನಿ ರೆಕಾರ್ಡ್ ಮಾಡಿ ಸೆಡ್ರಿಕ್‌ಗೆ ಕಳಿಸು. ಅವರ ಫೋನಿನಲ್ಲಿ ಇಲ್ಲಿಗೆ ತಂದು ಕೇಳಿಸ್ತಾರೆ. ಬೈದರೂ ಆಗ್ತದೆ, ದನಿ ಕೇಳಿದರೆ ಸಾಕು.

ಹೋಗಿ ಬರ್ತೇನೆ,
ಯೋಗೀಶ್


ಹೊಸಬೆಟ್ಟು
10 ನವೆಂಬರ್ 2024

ಮೋಕ್ಷಾಳ ಪಪ್ಪನಿಗೆ,

ನಿಮ್ಮ ಕಾಗದ ಬಂತು. ನೀರು ಕಡಿಮೆ ಅಂತ ಓದಿ ಮನಸ್ಸಿಗೆ ಕಷ್ಟವಾಯಿತು. ಸಂಕಪ್ಪಣ್ಣನನ್ನು ನೋಡಿಕೊಳ್ಳಿ, ಒಬ್ಬರನ್ನೇ ಬಿಡಬೇಡಿ.

ದನಿ ರೆಕಾರ್ಡ್ ಮಾಡುವ ಅಂತ ನಾನೂ ಮೋಕ್ಷಾಳೂ ಎಷ್ಟು ಪುಸಲಾಯಿಸಿದೆವು. "ಆ ಹಲಗೆಗೆ ಮಾತಾಡಲಿಕ್ಕೆ ನನಗೆ ನಾಚಿಕೆ ಆಗ್ತದೆ. ಮಗ ಎದುರು ಬರಲಿ, ಆಗ ಬೇಕಾದಷ್ಟು ಮಾತಾಡ್ತೇನೆ" ಅಂತ ಮುಖ ತಿರುಗಿಸಿಬಿಟ್ಟರು. ನಿಮ್ಮ ಅಮ್ಮನ ಹಟ ನಿಮಗೆ ಗೊತ್ತಲ್ಲ. ಆರಾಮ ಇದ್ದಾರೆ. ಮೀನು ಚೆನ್ನಾಗಿ ಬರ್ತಾ ಉಂಟು. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಸ್ವರ್ಣಲತಾ

ಪಪ್ಪಾ, ನಾನು ಮೋಕ್ಷಾ. ನಿಮ್ಮ ಗೋ ಲಿಸ್ಟನ್ನು ಅಜ್ಜಿಗೆ ದಿನಾ ಓದಿ ಹೇಳ್ತೇನೆ. 'ಗೋ ಬ್ಯಾಡ್' ಕೇಳಿ ತುಂಬ ನಕ್ಕರು, ಆಮೇಲೆ ಕೆಮ್ಮು ಬಂತು. ಅಜ್ಜಿಯದ್ದು ಒಂದು ಪ್ರಶ್ನೆ ಉಂಟು. ನಾವು ಮನೆಯಿಂದ ಹೊರಡುವಾಗ ತುಳುವಿನಲ್ಲಿ 'ಪೋದು ಬರ್ಪೆ' ಅಂತ ಹೇಳ್ತೇವಲ್ಲ, ಹೋಗಿ ಬರ್ತೇನೆ ಅಂತ, ಅದು ಆ ಎರಡು ಪುಟದಲ್ಲಿ ಉಂಟಾ? ಇಲ್ಲದಿದ್ದರೆ ಆ ಪುಸ್ತಕ ಇಟ್ಟುಕೊಳ್ಳಬೇಡ ಅಂತ ಹೇಳಿದ್ದಾರೆ.


(ಸೆಡ್ರಿಕ್‌ಗೆ, ಅದೇ ದಿನ)

ಅಣ್ಣಾ, ದನಿ ಕಳಿಸುವುದು ಹೇಗೆ? ಈಗ ಅವರದ್ದು ಬರೀ ಉಸಿರು. ಮಗ ಒಂದು ಶಬ್ದ ಕೇಳಿದರೆ ಎಲ್ಲ ಗೊತ್ತಾಗ್ತದೆ. ನನಗೆ ಈ ಸುಳ್ಳು ಸಾಕಾಗಿದೆ. ಒಂದು ರಾತ್ರಿ ಹೋಗಿ ಬೆಳಿಗ್ಗೆ ಬರುವ ದೋಣಿಗಳ ಕಾಲದಲ್ಲಿ ಮಾಡಿದ ಕ್ರಮ ಇದು. ತಿಂಗಳುಗಟ್ಟಲೆ ನಿಂತೇ ಇರುವ ಹಡಗಿಗೆ ಇದನ್ನು ಹೇಗೆ ಹಾಕುವುದು ಅಂತ ಮಾಮಿಯನ್ನು ಕೇಳಿದೆ. "ಅವನಿಗೆ ಇಳಿಯಲಿಕ್ಕೆ ದಾರಿ ಉಂಟಾ?" ಅಂತ ತಿರುಗಿ ಕೇಳಿದರು. ಇಲ್ಲ ಅಂದೆ. "ಮತ್ತೆ ಹೇಳಿ ಎಂತ ಮಾಡ್ತೀ? ಅವನು ಅಲ್ಲಿಂದ ಹಾರಬೇಕಾ?" ಅಂದರು.


ಹಡಗಿನಿಂದ
8 ಡಿಸೆಂಬರ್ 2024

ಪ್ರೀತಿಯ ಸ್ವರ್ಣ,

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ, ಸೆಡ್ರಿಕ್ ದೋಣಿಯಲ್ಲಿ ಕಾಯ್ತಾ ಇದ್ದಾರೆ. ದೊಡ್ಡ ಸುದ್ದಿ. ಹಡಗನ್ನು ಖಾಲಿ ಬಿಡಬಾರದು, ಆದರೆ ಮೂವರು ಇದ್ದರೆ ಸಾಕು ಅಂತ ಕೋರ್ಟು ಹೇಳಿದೆ. ಅಂದರೆ ಒಬ್ಬ ಊರಿಗೆ ಹೋಗಬಹುದು! ಕ್ಯಾಪ್ಟನ್, ಇಂಜಿನಿಯರ್ ಬಿಟ್ಟು ಹೋಗುವ ಹಾಗಿಲ್ಲ. ಇನ್ನು ಉಳಿದದ್ದು ನಾನು ಮತ್ತು ಸಂಕಪ್ಪಣ್ಣ. ಇಪ್ಪತ್ತೆರಡಕ್ಕೆ ಏಜೆಂಟರ ದೋಣಿ ಬರ್ತದೆ, ಆ ದಿನ ಹೆಸರು ಕೊಡಬೇಕು. "ನೀವಿಬ್ಬರೇ ತೀರ್ಮಾನ ಮಾಡಿ" ಅಂದಿದ್ದಾರೆ ಕ್ಯಾಪ್ಟನ್.

ಸಂಕಪ್ಪಣ್ಣ "ನೀನು ಹೋಗು, ನಿನಗೆ ಸಣ್ಣ ಮಗಳಿದ್ದಾಳೆ" ಅಂತಾರೆ. ನನಗೂ ಆಸೆ ಇಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ. ನಿನ್ನನ್ನು ನೋಡದೆ ಹುಚ್ಚು ಹಿಡಿದ ಹಾಗೆ ಆಗಿದೆ ನನಗೆ. ಆದರೆ ಮೊನ್ನೆ ಅವರು ಕಟಾಂಜನದ ಆಚೆ ಒಂದು ಕಾಲು ಹಾಕಿ ಕೂತಿದ್ದರು. ಕೇಳಿದರೆ "ಗಾಳಿಗೆ" ಅಂದರು.

ಅದಕ್ಕೆ ಒಂದೇ ಮಾತು ಕೇಳ್ತೇನೆ. ಅಮ್ಮನ ಕ್ರಮ ನನಗೂ ಗೊತ್ತುಂಟು. ಅಪ್ಪನಿಗೆ ಹಗ್ಗ ಹಿಡಿದ ಕಥೆ ಕೇಳಿ ಬೆಳೆದವನು ನಾನು. ದನಿ ಕಳಿಸಲಿಲ್ಲ ಅನ್ನುವಾಗ ಒಂದು ಸಲ ಮನಸ್ಸು ಅಳುಕಿತು. ಅಮ್ಮನಿಗೆ ಎಂತದಾದರೂ ಉಂಟಾ? ಉಂಟಾದರೆ ಒಂದು ಸಾಲು ಬರೆ, ನಾನೇ ಹೊರಡ್ತೇನೆ, ಯಾರನ್ನೂ ನೋಡುವುದಿಲ್ಲ. ಇಲ್ಲದಿದ್ದರೆ ಈ ಸಲ ಸಂಕಪ್ಪಣ್ಣ ಹೋಗಲಿ. ನಾನು ಇನ್ನು ಸ್ವಲ್ಪ ಸಮಯ ತಡೆದುಕೊಳ್ಳಬಲ್ಲೆ, ಅವರಿಂದ ಆಗಲಿಕ್ಕಿಲ್ಲ.

ಅಮ್ಮನ ಪ್ರಶ್ನೆಗೆ ಉತ್ತರ: ಎರಡು ಪುಟ ಮೂರು ಸಲ ಓದಿದೆ. ಹುಳಿ ಬರುವುದಕ್ಕೂ ಗೋ, ಗಂಟೆ ಹೊಡೆಯುವುದಕ್ಕೂ ಗೋ, ಸಾಯುವುದಕ್ಕೂ ಗೋ. ಹೋಗಿ ಬರುವುದು ಮಾತ್ರ ಇಲ್ಲ.

ಯೋಗೀಶ್


ಹೊಸಬೆಟ್ಟು
14 ಡಿಸೆಂಬರ್ 2024

ರೀ,

ಬನ್ನಿ. ನೀವೇ ಬನ್ನಿ.

ಅಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ. ಆಗಸ್ಟಿನಿಂದ ಗೊತ್ತು. ಇನ್ನು ಹೆಚ್ಚು ದಿನ ಇಲ್ಲ ಅಂತ ಹೇಳಿದ್ದಾರೆ. ಬುಟ್ಟಿ ನಾನೇ ಹೊರುತ್ತಾ ಇದ್ದೇನೆ, ಮಾರ್ಕೆಟಿನ ಕಥೆಗಳೆಲ್ಲ ನನ್ನದು. ನನ್ನಿಂದ ಆಣೆ ಹಾಕಿಸಿದ್ದರು, ಈಗ ಅವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಆಣೆ ಮುರಿದದ್ದಕ್ಕೆ ಎಂತ ಬರಬೇಕೋ ಅದು ನನಗೇ ಬರಲಿ.

ಸಂಕಪ್ಪಣ್ಣನ ವಿಷಯ ಓದಿದೆ. ಆದರೂ ಹೇಳ್ತೇನೆ, ಈ ಸಲ ಸ್ವಾರ್ಥಿಯಾಗಿ. ಅಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗ್ತಾರೆ. ಗೇಟಿನ ಸದ್ದಾದರೆ "ಯಾರು?" ಅಂತಾರೆ. ಅಷ್ಟೇ ಈಗ ಅವರು ಮಾತಾಡುವುದು.

ಬನ್ನಿ.

ಸ್ವರ್ಣ


(ಸೆಡ್ರಿಕ್‌ನಿಂದ ಸ್ವರ್ಣಲತಾಗೆ, ಫೋನ್ ಸಂದೇಶ)
19 ಡಿಸೆಂಬರ್ 2024

ಸ್ವರ್ಣಕ್ಕಾ, ನಿಮ್ಮ ಕಾಗದ ಪ್ರಿಂಟ್ ಮಾಡಿ ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೇನೆ. ಇಲ್ಲಿ ಗಾಳಿ ಎದ್ದಿದೆ, ಸಣ್ಣ ದೋಣಿಗಳನ್ನು ಬಿಡ್ತಾ ಇಲ್ಲ. ದಿನಾ ಬೆಳಿಗ್ಗೆ ಜೆಟ್ಟಿಗೆ ಹೋಗಿ ಬರ್ತಾ ಇದ್ದೇನೆ. ಇಪ್ಪತ್ತೆರಡಕ್ಕೆ ಏಜೆಂಟರ ದೊಡ್ಡ ದೋಣಿ ಹೋಗ್ತದೆ, ಅದರಲ್ಲಿ ನನ್ನನ್ನು ಹತ್ತಿಸುವುದಿಲ್ಲ ಅಂದರು. ಅವರ ಜನರ ಕೈಯಲ್ಲಿ ಕವರ್ ಕೊಡ್ತೇನೆ. ಮೇಲೆ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಬರೆದಿದ್ದೇನೆ, ಮೊದಲು ಇದನ್ನು ಓದು ಅಂತ. ದೇವರು ದೊಡ್ಡವನು, ನೀವು ಧೈರ್ಯವಾಗಿರಿ.


ಹಡಗಿನಿಂದ, ಸಂಕಪ್ಪಣ್ಣನ ಕೈಯಲ್ಲಿ
22 ಡಿಸೆಂಬರ್ 2024, ಬೆಳಿಗ್ಗೆ

ಅಮ್ಮಾ,

ಈ ಕಾಗದ ನಿನಗೆ. ಮೋಕ್ಷಾ ಓದಿ ಹೇಳಲಿ.

ನಾನು ಈ ಸಲ ಬರಲಿಲ್ಲ. ಬರುವ ಅವಕಾಶ ಇತ್ತು, ಸಂಕಪ್ಪಣ್ಣನಿಗೆ ಬಿಟ್ಟುಕೊಟ್ಟೆ. ಸ್ವರ್ಣನ ಉತ್ತರ ಬರಲಿಲ್ಲ. ನಿನಗೆ ಎಂತದಾದರೂ ಆಗಿದ್ದರೆ ಅವಳು ಈಜಿಕೊಂಡಾದರೂ ಬಂದು ಹೇಳುತ್ತಿದ್ದಳು. ಹಾಗಾಗಿ ನೀನು ಗಟ್ಟಿ ಇದ್ದೀ ಅಂತ ಧೈರ್ಯ ಮಾಡಿದೆ. ಸಂಕಪ್ಪಣ್ಣನನ್ನು ಇಲ್ಲಿ ಬಿಟ್ಟು ನಾನು ಬಂದಿದ್ದರೆ ನೀನೇ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಅಳಿವೆ ಬಾಗಿಲಲ್ಲಿ ದೋಣಿ ಮಗುಚಿದರೆ ಈಜು ಬಾರದವನನ್ನು ಮೊದಲು ಎತ್ತಬೇಕು ಅಂತ ಹೇಳಿಕೊಟ್ಟವಳು ನೀನಲ್ವಾ.

ನಿನ್ನ ಮಾತು ಇಂಗ್ಲಿಷಿನವರ ಪುಸ್ತಕದಲ್ಲಿ ಸಿಗಲಿಲ್ಲ. ಅದಕ್ಕೆ ನಾನೇ ಪುಟದ ಬದಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟೆ, 'ಪೋದು ಬರ್ಪೆ' ಅಂತ. ಇನ್ನು ಪುಸ್ತಕ ಇಟ್ಟುಕೊಳ್ಳಬಹುದಲ್ಲ?

ಸಂಕಪ್ಪಣ್ಣ ಮನೆಗೆ ಬಂದರೆ ಹೊಟ್ಟೆತುಂಬ ಮೀನು ಹಾಕು. ನನ್ನ ಪಾಲಿನದ್ದೂ ಅವರಿಗೇ ಹಾಕು. ನಾನು ಬೇಗ ಬರ್ತೇನೆ, ನೀನು ಹಗ್ಗ ಹಿಡಿಯಲು ಬಾ.

ನಿನ್ನ ಮಗ


ಹಡಗಿನಿಂದ
22 ಡಿಸೆಂಬರ್ 2024, ಸಂಜೆ

ಸ್ವರ್ಣ,

ಏಜೆಂಟರ ಜನ ಹೆಸರು ಬರೆದುಕೊಂಡರು. ಸಂಕಪ್ಪಣ್ಣ ಏಣಿ ಇಳಿದು ದೋಣಿಯಲ್ಲಿ ಕೂತರು. ಆಮೇಲೆ ಅಕ್ಕಿ ಚೀಲ, ನೀರು, ಔಷಧಿ ಎಲ್ಲ ಹಗ್ಗಕ್ಕೆ ಕಟ್ಟಿ ಮೇಲೆ ಎಳೆದೆವು. ಕೊನೆಯ ಚೀಲದೊಳಗೆ ಕವರ್ ಇತ್ತು. ದೋಣಿ ಕಾಣದ ಹಾಗೆ ಆಗುವವರೆಗೆ ನಾನು ಕೈ ಬೀಸ್ತಾ ನಿಂತಿದ್ದೆ. ಚೀಲ ಬಿಚ್ಚಿದ್ದು ಆಮೇಲೆ.

ದೋಣಿಯನ್ನು ತಿರುಗಿ ಕರೆಯಲು ಕ್ಯಾಪ್ಟನ್ ಚಾದರ ತೆಗೆದು ಬೀಸಿದರು. ಡಬ್ಬ ಬಡಿದರು. ಯಾರಿಗೆ ಕೇಳ್ತದೆ.

ಅಮ್ಮನಿಗೆ ಹೇಳು, ಇಲ್ಲ, ಎಂತದೂ ಹೇಳಬೇಡ.

ಯೋಗೀಶ್


ಹೊಸಬೆಟ್ಟು
4 ಜನವರಿ 2025

ರೀ,

ಅಮ್ಮ ಹೋದರು. ಡಿಸೆಂಬರ್ ಮೂವತ್ತೊಂದು, ಮಧ್ಯಾಹ್ನ, ಮನೆಯಲ್ಲೇ. ಮೋಕ್ಷಾ ನೀರು ಬಾಯಿಗೆ ಬಿಟ್ಟಳು. ನಿಮ್ಮ ದೊಡ್ಡಪ್ಪನ ಮಗ ಬಂದು ಬೆಂಕಿ ಕೊಟ್ಟರು. ನೀರಿನ ಮೇಲಿರುವವನಿಗೆ ಹೇಳಬಾರದು ಅಂತ ಕೊನೆಯವರೆಗೂ ಹೇಳಿದರು. ನಾನು ಹೇಳ್ತಾ ಇದ್ದೇನೆ. ಇನ್ನೊಂದು ಸುಳ್ಳು ಕಾಗದ ನನ್ನಿಂದ ಸಾಧ್ಯ ಇಲ್ಲ.

ಒಂದು ವಿಷಯ ನಿಮಗೆ ಗೊತ್ತಾಗಬೇಕು. ಇಪ್ಪತ್ತೇಳಕ್ಕೆ ಸಂಕಪ್ಪಣ್ಣ ಬಂದಿದ್ದರು, ಹೆಂಡತಿಯನ್ನು ಕರೆದುಕೊಂಡು, ಒಂದು ಗೊನೆ ಕದಳಿ ಹಣ್ಣು ಹೊತ್ತುಕೊಂಡು. ಗೇಟಿನ ಸದ್ದಿಗೆ ಮಾಮಿ "ಯಾರು?" ಅಂದರು. ನಿಮ್ಮ ಹಡಗಿನವರು ಅಂದ ಕೂಡಲೇ ಎಲ್ಲಿಂದ ಬಂತೋ ಶಕ್ತಿ, "ತಲೆ ಬಾಚು, ನೀಲಿ ಸೀರೆ ಉಡಿಸು, ಗೋಡೆಗೆ ಒರಗಿಸಿ ಕೂರಿಸು" ಅಂದರು. ಕಾಲಿನ ಮೇಲೆ ಚಾದರ ಎಳೆದುಕೊಂಡು ಕೂತರು.

ಸಂಕಪ್ಪಣ್ಣ ಎದುರು ನೆಲದಲ್ಲಿ ಕೂತು ಕೈ ಮುಗಿದು ಅತ್ತರು. "ಅಮ್ಮಾ, ನನ್ನನ್ನು ಕಳಿಸಿದ್ದು ನಿಮ್ಮ ಮಗನೇ. ನನ್ನ ಅಮ್ಮ ಈಗಲೂ ಮಾರ್ಕೆಟಿನಲ್ಲಿ ಜಗಳ ಮಾಡ್ತಾರೆ, ನಾನು ನಿಧಾನ ಹೋದರೂ ನಡೀತದೆ, ನೀವು ಹೋಗಿ ಅಂದ. ಇಲ್ಲದಿದ್ದರೆ ನಾನು ಅಲ್ಲೇ ನೀರಿಗೆ ಬೀಳ್ತಿದ್ದೆ" ಅಂದರು.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮಾಮಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಆದರೆ ಅವರು ನಕ್ಕರು ರೀ! ಆ ಉಸಿರಿನಲ್ಲಿ ನಕ್ಕು, "ಹೌದು ಮಾರಾಯ, ನನಗೆಂತ ಆಗಿದೆ? ಎರಡು ದಿನ ಜ್ವರ ಬಂದು ದನಿ ಕೂತಿದೆ ಅಷ್ಟೆ. ನನ್ನ ಮಗ ಒಳ್ಳೆಯದೇ ಮಾಡಿದ. ಸ್ವರ್ಣಾ, ಬಂಗುಡೆ ಹುರಿ ಇವರಿಗೆ" ಅಂದರು. ಸಂಕಪ್ಪಣ್ಣ ಉಂಡರು. ನಿಮ್ಮ ಗೋ ವಾಕ್ಯಗಳನ್ನೆಲ್ಲ ಮೋಕ್ಷಾಳಿಗೆ ಹೇಳಿದರು. ಅವರ ಹೆಂಡತಿ ನನ್ನ ಕೈ ಹಿಡಿದು, "ಬಂದ ಮೇಲೆ ಇವತ್ತೇ ಇವರು ಇಷ್ಟು ಮಾತಾಡಿದ್ದು" ಅಂದರು. ಹೊರಡುವಾಗ ಕಾಲು ಮುಟ್ಟಿ "ಹೋಗ್ತೇನೆ ಅಮ್ಮಾ" ಅಂದದ್ದಕ್ಕೆ ಮಾಮಿ ಬೈದರು, "ಹೋಗ್ತೇನೆ ಅನ್ನಬೇಡ, ಸರಿ ಮಾಡಿ ಹೇಳು" ಅಂತ. ಅವರು "ಪೋದು ಬರ್ಪೆ" ಅಂದರು.

ಗೇಟು ಹಾಕಿದ ಸದ್ದಾಯಿತು. ಮಾಮಿ ಗೋಡೆ ಕಡೆ ತಿರುಗಿದರು. "ಅವನು ಬರ್ತಿದ್ದ ಅಲ್ವಾ ಸ್ವರ್ಣಾ?" ಅಂದರು. ನಾನು ಅವರ ಚಾದರ ಸರಿ ಮಾಡಿದೆ. "ನಾನೇ ತಡೆದೆ" ಅಂದರು. ಇಲ್ಲ ಮಾಮಿ, ಗಾಳಿ ತಡೆದದ್ದು, ನಾನು ಬರೆದಿದ್ದೆ ಅಂತ ಎಲ್ಲ ಹೇಳಿಬಿಟ್ಟೆ. ಆಣೆ ಮುರಿದದ್ದಕ್ಕೆ ಬೈಯಲಿಲ್ಲ. ನನ್ನ ಕೈ ಎಳೆದು ಎದೆ ಮೇಲೆ ಇಟ್ಟುಕೊಂಡರು. ಮರುದಿನದಿಂದ, ಸಂಕಪ್ಪಣ್ಣ ತಂದ ನಿಮ್ಮ ಕಾಗದ ಓದು ಅಂತ ಮೋಕ್ಷಾಳಿಗೆ ಹೇಳುವುದು, ಮುಗಿದ ಮೇಲೆ ಮತ್ತೆ ಓದು ಅನ್ನುವುದು. 'ನೀನು ಹಗ್ಗ ಹಿಡಿಯಲು ಬಾ' ಅನ್ನುವಲ್ಲಿಗೆ ಬಂದಾಗ ಕೈ ಮಡಚುತ್ತಿದ್ದರು, ನಿಜವಾಗಿ ಹಗ್ಗ ಹಿಡಿದ ಹಾಗೆ.

ನನಗೆ ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಬಿಟ್ಟುಕೊಡಲು ನೀವೇ ಬೇಕಿತ್ತಾ ಅಂತ. ಆಮೇಲೆ ಆ ಮನುಷ್ಯ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಉಂಡದ್ದು ನೆನಪಾಯಿತು. ಸಿಟ್ಟು ಯಾರ ಮೇಲೆ ಹಾಕುವುದು ಅಂತಲೇ ಗೊತ್ತಾಗುವುದಿಲ್ಲ ರೀ.

ಈಗ ಒಂದು ಕೇಳುವುದುಂಟು. ತಾರೀಕು ಹನ್ನೆರಡಕ್ಕೆ ಉತ್ತರಕ್ರಿಯೆ ಇಟ್ಟಿದ್ದಾರೆ. ಸಂಕಪ್ಪಣ್ಣನಿಗೆ ಇನ್ನೂ ಯಾರೂ ಹೇಳಿಲ್ಲ. ಕರೆಯದಿದ್ದರೆ ಮುಂದೆ ಬೇಜಾರು ಮಾಡಿಕೊಂಡಾರು, ಉಂಡ ಮನೆ ಅಲ್ವಾ. ಕರೆಯಬೇಕಾ? ಹೇಗೂ ಅವರು ದಡಕ್ಕೆ ಬಂದಾಯಿತಲ್ಲ.

ನೀವು ಏನಾದರೂ ಮಾಡಿಕೊಳ್ಳಬೇಡಿ. ಮೋಕ್ಷಾ ಇದ್ದಾಳೆ, ನಾನಿದ್ದೇನೆ.

ಸ್ವರ್ಣ


ಹಡಗಿನಿಂದ
9 ಜನವರಿ 2025

ಸ್ವರ್ಣ,

ಸೆಡ್ರಿಕ್ ಪಕ್ಕದಲ್ಲೇ ಕೂತಿದ್ದರು, ಇಡೀ ಕಾಗದ ಓದಿ ಮುಗಿಯುವವರೆಗೆ ನನ್ನ ಅಂಗಿ ಹಿಡಿದುಕೊಂಡಿದ್ದರು. ನಾನು ಏನೂ ಮಾಡಿಕೊಳ್ಳುವುದಿಲ್ಲ, ನೀನು ಹೆದರಬೇಡ. ತುಂಬ ಅತ್ತೆ. ಕ್ಯಾಪ್ಟನ್ ನನಗೆ ತಲೆಗೆ ನೀರು ಹಾಕಿಸಿದರು, ಕುಡಿಯುವ ನೀರು, ಒಂದು ಇಡೀ ಬಕೆಟ್. ಅಮ್ಮ ಇದ್ದಿದ್ದರೆ ಅಷ್ಟು ನೀರು ಹಾಳು ಮಾಡಿದ್ದಕ್ಕೆ ಬೈಯುತ್ತಿದ್ದರು.

ನಿನ್ನದು ತಪ್ಪಿಲ್ಲ. ಅಮ್ಮನದ್ದೂ ಇಲ್ಲ. ನನ್ನದು ಅಂತ ಒಂದು ಸಲ ಅನ್ನಿಸ್ತದೆ, ಮತ್ತೆ ಆ ಕಟಾಂಜನದ ಜಾಗ ನೋಡಿದರೆ ಇಲ್ಲ ಅನ್ನಿಸ್ತದೆ. ಆ ಬೆಳಿಗ್ಗೆ ಮತ್ತೊಮ್ಮೆ ಬಂದರೆ, ಕವರ್ ಮೊದಲೇ ಸಿಕ್ಕಿದರೆ, ನಾನು ಅವರನ್ನು ಬಿಟ್ಟು ಬರುತ್ತಿದ್ದೆ. ಖಂಡಿತ ಬರುತ್ತಿದ್ದೆ. ಅದನ್ನು ಯೋಚಿಸಿದರೂ ಹೆದರಿಕೆಯಾಗ್ತದೆ, ಯೋಚಿಸದೆ ಇರಲಿಕ್ಕೂ ಆಗುವುದಿಲ್ಲ.

ಡಿಕ್ಷನರಿಯನ್ನು ಸೆಡ್ರಿಕ್ ಕೈಯಲ್ಲಿ ಕೊಟ್ಟಿದ್ದೇನೆ. ಮೋಕ್ಷಾಳಿಗೆ ಕಳಿಸ್ತಾರೆ.

ಇನ್ನು ನೀನು ಕೇಳಿದ್ದಕ್ಕೆ. ಉತ್ತರಕ್ರಿಯೆಗೆ ಸಂಕಪ್ಪಣ್ಣನನ್ನು ಕರೆಯಬೇಡ. ಅವರು ಪಡೀಲಿನಲ್ಲಿ ಮನೆಯೊಳಗೆ ಮಲಗಿದರೂ ಇನ್ನೂ ನೀರಿನ ಮೇಲೆಯೇ ಇದ್ದಾರೆ, ನನಗೆ ಗೊತ್ತುಂಟು. ಯಾರ ಪಾಲಿನ ದೋಣಿ ಹತ್ತಿ ಬಂದೆ ಅಂತ ಈಗ ತಿಳಿದರೆ ಅವರು ಮಗುಚಿ ಹೋಗ್ತಾರೆ. ಹುರಿದ ಮೀನು ಹಾಕಿಸಿ ಅಮ್ಮ ದಡ ಮುಟ್ಟಿಸಿದ ಮನುಷ್ಯನನ್ನು ನಾವು ಮುಳುಗಿಸುವುದು ಬೇಡ. ಸಾವಿನ ಸುದ್ದಿ ಪೇಪರಿಗೂ ಹಾಕಬೇಡ. ಬೇಜಾರು ಮಾಡಿಕೊಂಡರೆ ನಾನು ಬಂದ ಮೇಲೆ ಕಾಲು ಹಿಡಿದು ಹೇಳ್ತೇನೆ.

ಮಧ್ಯದಲ್ಲಿ ಎಂದಾದರೂ ಅವರು ಮನೆಗೆ ಬಂದು ಅಮ್ಮ ಎಲ್ಲಿ ಅಂತ ಕೇಳಿದರೆ, ನೀನು ಮುಖ ಗಟ್ಟಿ ಮಾಡಿಕೊಂಡು ನಗಬೇಕು ಸ್ವರ್ಣಾ. ಮಲ್ಪೆಗೆ ತಂಗಿಯ ಮನೆಗೆ ಹೋಗಿದ್ದಾರೆ, ಬರ್ತಾರೆ ಅಂತ ಹೇಳು.

ಯೋಗೀಶ್